ಎಣಿಸಿ ಹಿಡಿಯುವ ಬೆಳಕು: ಗಾಮಾ ಸ್ಫೋಟಗಳ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಗಾಮಾ ಕಿರಣ ಸ್ಫೋಟಗಳ ಬಗ್ಗೆ ಒಂದು ಸಣ್ಣ ಟಿಪ್ಪಣಿ ಇತ್ತು. ದೂರದ ಗೆಲಾಕ್ಸಿಯಲ್ಲಿ ಭಾರೀ ನಕ್ಷತ್ರವೊಂದು ಕುಸಿದಾಗ, ಇಲ್ಲವೇ ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತಿ ಸುತ್ತಿ ಒಂದಾದಾಗ, ಗಾಮಾ ಕಿರಣಗಳ ಕಿರಿದಾದ ಧಾರೆ ಚಿಮ್ಮುತ್ತದೆ. ಅದು ನಮ್ಮ ಕಡೆಗೇ ಮುಖ ಮಾಡಿದ್ದರೆ ಉಪಗ್ರಹಗಳಿಗೆ ಸಿಗುತ್ತದೆ ಎಂದು ಬರೆದಿದ್ದೆವು. ಅದನ್ನು ಓದಿ ಕೊಡಗಿನಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: 2022ರ ಅಕ್ಟೋಬರ್ 9ರಂದು ಬಂದ ಸ್ಫೋಟ ಈವರೆಗೆ ದಾಖಲಾದವುಗಳಲ್ಲೇ ಅತಿ ಪ್ರಕಾಶಮಾನ ಎಂದಿದ್ದಿರಿ. ಆ ಹೊತ್ತಿನಲ್ಲಿ ಅದು ನಮ್ಮ ಆಕಾಶದಲ್ಲಿತ್ತೇ? ಇದ್ದರೆ ಯಾರ ಕಣ್ಣಿಗೂ ಏಕೆ ಬೀಳಲಿಲ್ಲ?
— ನಿವೃತ್ತ ಶಿಕ್ಷಕರು, ಮಡಿಕೇರಿ

ಉತ್ತರ: ಇತ್ತು ಸರ್, ಅದೂ ಹೆಚ್ಚುಕಡಿಮೆ ನಿಮ್ಮ ನೆತ್ತಿಯ ಮೇಲೆಯೇ. ಫರ್ಮಿ ಉಪಗ್ರಹ ಅದನ್ನು ಮೊದಲು ಗುರುತಿಸಿದ್ದು ನಮ್ಮ ಗಡಿಯಾರದಲ್ಲಿ ಸಂಜೆ 6 ಗಂಟೆ 47 ನಿಮಿಷಕ್ಕೆ. ಮೊದಲು ಬಂದದ್ದು ಸಣ್ಣದೊಂದು ಮಿಡಿತ. ಸುಮಾರು ನಾಲ್ಕು ನಿಮಿಷ ಬಿಟ್ಟು ನಿಜವಾದ ಹೊಡೆತ. ಅದು ಬಂದ ದಿಕ್ಕು ಶರ ಎಂಬ ಪುಟ್ಟ ನಕ್ಷತ್ರಪುಂಜ, ಶ್ರವಣ ನಕ್ಷತ್ರದಿಂದ ತುಸು ಉತ್ತರಕ್ಕೆ. ಮಡಿಕೇರಿಯ ರೇಖಾಂಶಕ್ಕೆ ಆ ಕ್ಷಣದ ನಕ್ಷತ್ರಕಾಲ (ಬಾನಿನ ಯಾವ ರೇಖಾಂಶ ನೆತ್ತಿಯ ಮೇಲೆ ಹಾಯುತ್ತಿದೆ ಎಂಬ ಲೆಕ್ಕ) ಸುಮಾರು 19 ಗಂಟೆ 32 ನಿಮಿಷ. ಸ್ಫೋಟದ ಆರ್‌ಎ (ಬಾನಿನ ರೇಖಾಂಶ) 19 ಗಂಟೆ 13 ನಿಮಿಷ, ಡೆಕ್ಲಿನೇಷನ್ (ಬಾನಿನ ಅಕ್ಷಾಂಶ) ಉತ್ತರ 19.8 ಡಿಗ್ರಿ. ಮಡಿಕೇರಿಯ ಅಕ್ಷಾಂಶ 12.4. ಕೂಡಿ ಕಳೆದರೆ ನೆತ್ತಿಯಿಂದ ಎಂಟೊಂಬತ್ತು ಡಿಗ್ರಿಯಷ್ಟೇ ಆಚೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹತ್ತು ಡಿಗ್ರಿ, ಅಷ್ಟೂ ಇಲ್ಲ.

ಅಂದು ಶೀಗೆ ಹುಣ್ಣಿಮೆ, ತಲಕಾವೇರಿಯ ತೀರ್ಥೋದ್ಭವಕ್ಕೆ ಇನ್ನು ಒಂದು ವಾರ. ಸೂರ್ಯ ಮುಳುಗಿ ಅರ್ಧ ಗಂಟೆ ದಾಟಿತ್ತು. ಸುಮಾರು 190 ಕೋಟಿ ವರ್ಷ ಪ್ರಯಾಣ ಮಾಡಿ ಬಂದ ಆ ಗಾಮಾ ಕಿರಣಗಳು ವಾತಾವರಣದ ಮೇಲ್ಪದರದಲ್ಲೇ ಹೀರಿಹೋದವು. ಅವು ನೆಲ ಮುಟ್ಟಿದ್ದರೂ ಕಣ್ಣಿಗೆ ಕಾಣುವ ಜಾತಿಯವಲ್ಲ. ಜೊತೆಗೆ ಬಂದ ಕಾಣುವ ಬೆಳಕಾದರೂ ದಾರಿಯಲ್ಲಿ ನಮ್ಮ ಆಕಾಶಗಂಗೆಯ ಧೂಳಿಗೆ ಸಿಕ್ಕಿ ಸೊರಗಿತ್ತು. ಗಂಟೆಯೊಳಗೆ ನೋಡಿದ ಸ್ವಿಫ್ಟ್ ಉಪಗ್ರಹದ ದೂರದರ್ಶಕಕ್ಕೆ ಕಂಡ ಕಾಂತಿಮಾನ 16ರಿಂದ 17ರ ನಡುವೆ. ಈ ಅಂಕಿ ಹೆಚ್ಚಿದಷ್ಟೂ ಬೆಳಕು ಮಂಕು; ಬರಿಗಣ್ಣಿನ ಮಿತಿ 6. ಹತ್ತು ಮಾನದ ಅಂತರವೆಂದರೆ ಹತ್ತು ಸಾವಿರ ಪಟ್ಟು ಮಂಕು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ಸ್ಫೋಟ ನಡೆದಾಗ ಸ್ವಿಫ್ಟ್‌ಗೆ ಆ ದಿಕ್ಕು ಕಾಣುತ್ತಿರಲಿಲ್ಲ, ಭೂಮಿ ಅಡ್ಡ ಇತ್ತು. ಭೂಮಿಯ ಮರೆಯಿಂದ ಹೊರಬಂದು 7 ಗಂಟೆ 40 ನಿಮಿಷಕ್ಕೆ ಅದು ಕಂಡದ್ದು ಉಳಿಬೆಳಕನ್ನು, ಅಂದರೆ ಸ್ಫೋಟದ ನಂತರ ಮೆಲ್ಲಗೆ ಆರುತ್ತ ಹೋಗುವ ಬೆಳಕನ್ನು. ಅದು ಆಕಾಶಗಂಗೆಯ ಪಟ್ಟಿಯ ಹತ್ತಿರವೇ ಇದ್ದದ್ದರಿಂದ ನಮ್ಮದೇ ಗೆಲಾಕ್ಸಿಯ ಯಾವುದೋ ಹೊಸ ಎಕ್ಸ್-ಕಿರಣ ಆಕರ ಎಂದು ಮೊದಲು ಹೆಸರಿಟ್ಟರು. ಫರ್ಮಿಯ ದಾಖಲೆಯೊಂದಿಗೆ ತಾಳೆ ನೋಡಿದ ಮೇಲೆಯೇ ಎರಡೂ ಒಂದೇ ಎಂದು ತಿಳಿದದ್ದು. ಒಂದೇ ಉಪಗ್ರಹವನ್ನು ನೆಚ್ಚಿಕೊಂಡರೆ ಹೀಗಾಗುತ್ತದೆ.

ಪ್ರಶ್ನೆ: ವಾತಾವರಣವೇ ತಡೆ ಎಂದಾದರೆ, ತಡಿಯಂಡಮೋಳ್ ತುದಿಯಲ್ಲಿ ಉಪಕರಣ ಇಟ್ಟರೆ ಸ್ವಲ್ಪವಾದರೂ ಸಿಗಬಾರದೇ?
— ಕಕ್ಕಬ್ಬೆಯ ಓದುಗರು

ಉತ್ತರ: ಸಿಗದು. ಸಮುದ್ರಮಟ್ಟದಲ್ಲಿ ನಮ್ಮ ತಲೆಯ ಮೇಲಿರುವ ಗಾಳಿಯ ತೂಕ ಸುಮಾರು 10 ಮೀಟರ್ ಆಳದ ನೀರಿಗೆ ಸಮ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತಿದರೆ ಅದು ಎಂಟು ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಸ್ಫೋಟಗಳಲ್ಲಿ ಧಾರಾಳವಾಗಿ ಬರುವ, ಶಕ್ತಿಯ ಅಳತೆಯಲ್ಲಿ 100 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಕಿರಣಗಳು ಪ್ರತಿ ನಾಲ್ಕೂವರೆ ಸೆಂಟಿಮೀಟರ್ ನೀರಿನಷ್ಟು ತೂಕದ ಗಾಳಿ ದಾಟುವಾಗ ಅರ್ಧಕ್ಕರ್ಧ ಕಡಿಮೆಯಾಗುತ್ತವೆ. ಹತ್ತು ಸಲ ಅರ್ಧ ಮಾಡಿದರೆ ಸಾವಿರಕ್ಕೆ ಒಂದು ಉಳಿಯುತ್ತದೆ. ಬೆಟ್ಟದ ತುದಿ ತಲುಪಲು 180ಕ್ಕೂ ಹೆಚ್ಚು ಸಲ ಅರ್ಧವಾಗಬೇಕು. ಒಂದೂ ಉಳಿಯುವುದಿಲ್ಲ. ಬಲೂನು ಕಟ್ಟಿ 40 ಕಿಲೋಮೀಟರ್ ಮೇಲಕ್ಕೆ ಕಳಿಸಿದರೆ ಆಗುತ್ತದೆ, ಆದರೆ ಬಲೂನು ತೇಲುವುದು ಸಾಮಾನ್ಯವಾಗಿ ಕೆಲವು ಗಂಟೆ ಇಲ್ಲವೇ ಕೆಲವು ದಿನ, ಸ್ಫೋಟ ಹೇಳಿ ಬರುವುದಿಲ್ಲ. ಹಾಗಾಗಿ ಉಪಗ್ರಹವೇ ಗತಿ.

ಒಂದು ವಿನಾಯಿತಿ ಇದೆ. ಕಿರಣದ ಶಕ್ತಿ ಇದಕ್ಕಿಂತ ಕೋಟಿಗಟ್ಟಲೆ ಪಟ್ಟು ಹೆಚ್ಚಿದ್ದಾಗ ಅದು ಗಾಳಿಗೆ ಬಡಿದು ಕಣಗಳ ಸುರಿಮಳೆ ಎಬ್ಬಿಸುತ್ತದೆ. ಆ ಸುರಿಮಳೆಯನ್ನು ನೆಲದಿಂದಲೇ ಹಿಡಿಯಬಹುದು. ಚೀನಾದ ಸಿಚುವಾನ್‌ನಲ್ಲಿ 4,410 ಮೀಟರ್ ಎತ್ತರದಲ್ಲಿರುವ ಲಾಸೋ ವೀಕ್ಷಣಾಲಯ 2022ರ ಸ್ಫೋಟದಿಂದ ಇಂಥ 60 ಸಾವಿರಕ್ಕೂ ಹೆಚ್ಚು ಫೋಟಾನುಗಳನ್ನು (ಬೆಳಕಿನ ಕಣಗಳನ್ನು) ದಾಖಲಿಸಿತು. ಲಡಾಖಿನ ಹಾನ್ಲೆಯಲ್ಲಿರುವ ನಮ್ಮ 21 ಮೀಟರ್ ವ್ಯಾಸದ ಮೇಸ್ ದೂರದರ್ಶಕವೂ ಇದೇ ಬಗೆಯದು.

ಪ್ರಶ್ನೆ: ಗಾಮಾ ಕಿರಣವನ್ನು ಮಸೂರದಿಂದ ಬಾಗಿಸಲು ಆಗದು ಎಂದು ಪಾಠದಲ್ಲಿದೆ. ಹಾಗಾದರೆ ಬಾಹ್ಯಾಕಾಶ ದೂರದರ್ಶಕ ಚಿತ್ರ ತೆಗೆಯುವುದು ಹೇಗೆ? ಸ್ಫೋಟ ಬಂತು ಎಂದು ಅದಕ್ಕೆ ತಿಳಿಯುವುದು ಹೇಗೆ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಅದು ಚಿತ್ರ ತೆಗೆಯುವುದೇ ಇಲ್ಲಮ್ಮ, ಎಣಿಸುತ್ತದೆ. ನಿನ್ನ ಪ್ರಶ್ನೆಗಷ್ಟೇ ಅಲ್ಲ, ಈ ಪುಟದ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಈ ಎಣಿಕೆಯಲ್ಲಿದೆ.

ಫರ್ಮಿಯ ಸ್ಫೋಟ ಪತ್ತೆ ಉಪಕರಣದಲ್ಲಿ ಸೋಡಿಯಂ ಅಯೊಡೈಡ್ ಹರಳಿನ 12 ಬಿಲ್ಲೆಗಳಿವೆ. ಒಂದೊಂದೂ 12.7 ಸೆಂಟಿಮೀಟರ್ ಅಗಲ, 1.27 ಸೆಂಟಿಮೀಟರ್ ದಪ್ಪ. ಹನ್ನೆರಡೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿವೆ. ಹೆಚ್ಚಿನ ಶಕ್ತಿಯ ಕಿರಣಗಳಿಗಾಗಿ ಬಿಸ್ಮತ್ ಜರ್ಮನೇಟಿನ ಎರಡು ದಪ್ಪ ಹರಳುಗಳು ಬೇರೆ. ಗಾಮಾ ಫೋಟಾನು ಹರಳಿನೊಳಗೆ ನಿಂತರೆ ಅಲ್ಲೊಂದು ಮಿಣುಕು. ಹಿಂದಿರುವ ಫೋಟೋಮಲ್ಟಿಪ್ಲೈಯರ್ ನಳಿಗೆ ಅದನ್ನು ವಿದ್ಯುತ್ ಮಿಡಿತವಾಗಿಸುತ್ತದೆ. ಮಿಡಿತ ದೊಡ್ಡದಿದ್ದಷ್ಟೂ ಫೋಟಾನಿನ ಶಕ್ತಿ ಹೆಚ್ಚು.

ಸ್ಫೋಟ ಇಲ್ಲದಾಗಲೂ ಹರಳು ಸುಮ್ಮನಿರುವುದಿಲ್ಲ. ಆಕಾಶದ ಎಲ್ಲ ಕಡೆಯಿಂದ ಬರುವ ಕಿರಣ, ಭೂಮಿಯ ವಾತಾವರಣದಿಂದ ಚಿಮ್ಮುವ ಕಿರಣ, ಉಪಗ್ರಹದ ಲೋಹದಿಂದಲೇ ಹೊಮ್ಮುವ ವಿಕಿರಣ ಎಲ್ಲ ಸೇರಿ ಒಂದು ಹಿನ್ನೆಲೆ ಎಣಿಕೆ ಇದ್ದೇ ಇರುತ್ತದೆ. ಕಕ್ಕಡದ ಜಡಿಮಳೆಯನ್ನು ನೆನೆದುಕೋ. ಗಂಟೆಗೆ ಇಷ್ಟು ಸೆಂಟ್ ಎಂದು ಒಂದೇ ಸಮ ಸುರಿಯುವ ಮಳೆಯ ನಡುವೆ ಜೋರಾದ ಒಂದು ಸುರಿತ ಬಂದು ಹೋದದ್ದನ್ನು ಮಳೆಮಾಪಕದ ಲೆಕ್ಕದಿಂದ ಹೇಳಬೇಕು. ಸುರಿತ ಎಷ್ಟು ಜೋರಿದ್ದರೆ ಅದನ್ನು ಬೇರೆ ಎನ್ನಬಹುದು?

ಲೆಕ್ಕ ಹೀಗೆ. ಒಂದು ಬಿಲ್ಲೆಯಲ್ಲಿ ಸೆಕೆಂಡಿಗೆ 400 ಹಿನ್ನೆಲೆ ಎಣಿಕೆ ಎಂದುಕೊ. ಅದು ತಾನಾಗಿಯೇ ಏರಿಳಿಯುವ ಪ್ರಮಾಣ 400ರ ವರ್ಗಮೂಲ, ಅಂದರೆ 20. ಫರ್ಮಿ ಸಾಮಾನ್ಯವಾಗಿ ಇದರ ನಾಲ್ಕೂವರೆ ಪಟ್ಟು ಏರಿಕೆ ಕೇಳುತ್ತದೆ: 90. ಒಂದು ಸೆಕೆಂಡಿನಲ್ಲಿ 490 ದಾಟಿತೆಂದರೆ ಅನುಮಾನ ಹುಟ್ಟಿತು. ಅದೇ 64 ಮಿಲಿಸೆಕೆಂಡಿನ ತುಣುಕು ತೆಗೆದುಕೊಂಡರೆ ಹಿನ್ನೆಲೆ ಬರೀ 26, ವರ್ಗಮೂಲ 5 ಚಿಲ್ಲರೆ, ದಾಟಬೇಕಾದ ಗಡಿ 49. ಅಂದರೆ ಆ ಕ್ಷಣದ ಮಟ್ಟಿಗೆ ಹರಿವು ಹೆಚ್ಚುಕಡಿಮೆ ಇಮ್ಮಡಿ ಆಗಬೇಕು. ಚುಟುಕಾದ ಸ್ಫೋಟ ಸಿಗಬೇಕಾದರೆ ಅದು ಆ ಕ್ಷಣದಲ್ಲಿ ತುಂಬ ಜೋರಾಗಿರಲೇಬೇಕು ಎನ್ನುವುದು ಇದರಿಂದ. ಆದ್ದರಿಂದಲೇ ಉಪಗ್ರಹದ ಕಂಪ್ಯೂಟರು 16 ಮಿಲಿಸೆಕೆಂಡಿನಿಂದ 8 ಸೆಕೆಂಡಿನವರೆಗೆ ಹಲವು ಅಳತೆಯ ತುಣುಕುಗಳಲ್ಲಿ ಒಟ್ಟೊಟ್ಟಿಗೆ ಲೆಕ್ಕ ಹಾಕುತ್ತಿರುತ್ತದೆ. ಕನಿಷ್ಠ ಎರಡು ಬಿಲ್ಲೆಗಳಲ್ಲಿ ಏರಿಕೆ ಒಟ್ಟಿಗೇ ಕಾಣಬೇಕು. ಒಂದರಲ್ಲಿ ಮಾತ್ರ ಕಂಡರೆ ಅದು ಆ ಬಿಲ್ಲೆಯದೇ ಕಿರಿಕಿರಿ.

ತಪ್ಪುವುದು ಎಲ್ಲಿ? ದಕ್ಷಿಣ ಅಟ್ಲಾಂಟಿಕ್ ಸಾಗರ ಮತ್ತು ಬ್ರೆಜಿಲಿನ ಮೇಲೆ ಭೂಮಿಯ ವಿಕಿರಣ ಪಟ್ಟಿ ಕೆಳಕ್ಕೆ ಜೋತುಬಿದ್ದಿದೆ. ಅಲ್ಲಿ ಹಾಯುವಾಗ ಹೈ ವೋಲ್ಟೇಜ್ ಆರಿಸಿಬಿಡುತ್ತಾರೆ, ಇಲ್ಲದಿದ್ದರೆ ನಳಿಗೆ ಹಾಳಾಗುತ್ತದೆ. ಅಷ್ಟು ಹೊತ್ತು ಉಪಗ್ರಹ ಕುರುಡು. ಸೌರಜ್ವಾಲೆಯೂ ಎಣಿಕೆ ಏರಿಸುತ್ತದೆ, ಆಗ ದಿಕ್ಕು ಮತ್ತು ಶಕ್ತಿ ನೋಡಿ ಬೇರ್ಪಡಿಸುತ್ತಾರೆ. ಇನ್ನು ವಿಪರೀತ ಜೋರಿದ್ದಾಗ ಬೇರೆಯೇ ತೊಂದರೆ: ಒಂದು ಮಿಡಿತ ಮುಗಿಯುವ ಮೊದಲೇ ಇನ್ನೊಂದು ಬಂದು ಎರಡೂ ಸೇರಿ ಒಂದೇ ದೊಡ್ಡ ಮಿಡಿತವಾಗಿ ದಾಖಲಾಗುತ್ತವೆ. ಎಣಿಕೆಯೂ ತಪ್ಪು, ಶಕ್ತಿಯೂ ತಪ್ಪು. ಮಳೆಮಾಪಕ ತುಂಬಿ ಹೊರಚೆಲ್ಲಿದ ಹಾಗೆ. 2022ರಲ್ಲಿ ಫರ್ಮಿಗೆ ಆದದ್ದು ಇದೇ.

ದಿಕ್ಕು ಹೇಗೆ ತಿಳಿಯುತ್ತದೆ ಎನ್ನುವೆಯಾ? ಸ್ಫೋಟಕ್ಕೆ ನೇರ ಮುಖ ಮಾಡಿದ ಬಿಲ್ಲೆಗೆ ಹೆಚ್ಚು ಎಣಿಕೆ, ಓರೆಯಾದದ್ದಕ್ಕೆ ಕಡಿಮೆ. ಆ ಅನುಪಾತದಿಂದ ಫರ್ಮಿ ಕೊಡುವ ದಿಕ್ಕಿನಲ್ಲಿ ಕೆಲವು ಡಿಗ್ರಿಗಳ ಅನಿಶ್ಚಿತತೆ ಇರುತ್ತದೆ. 2004ರಲ್ಲಿ ಹಾರಿದ ಸ್ವಿಫ್ಟ್‌ನ ಉಪಾಯ ಇದಕ್ಕಿಂತ ಚೆಂದ. 32,768 ಪುಟ್ಟ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಚೂರುಗಳನ್ನು ಹಾಸಿ, ಒಂದು ಮೀಟರ್ ಮೇಲೆ ಸೀಸದ ಸುಮಾರು 52 ಸಾವಿರ ಬಿಲ್ಲೆಗಳನ್ನು ಅಡ್ಡಾದಿಡ್ಡಿಯಾಗಿ ಅಂಟಿಸಿದ ಚಪ್ಪರ ಕಟ್ಟಿದ್ದಾರೆ. ಅರ್ಧ ಭಾಗ ಮುಚ್ಚಿದೆ, ಅರ್ಧ ತೆರೆದಿದೆ. ಕಾಫಿ ಒಣಗಿಸುವ ಕಣದ ಮೇಲೆ ಬಿದ್ದ ಸಿಲ್ವರ್ ಓಕ್ ಎಲೆಗಳ ನೆರಳು ಸರಿದದ್ದು ನೋಡಿಯೇ ಸೂರ್ಯ ಎಲ್ಲಿದ್ದಾನೆ ಎನ್ನಬಹುದಲ್ಲ, ಹಾಗೆಯೇ ಕೆಳಗೆ ಬಿದ್ದ ನೆರಳಿನ ವಿನ್ಯಾಸ ಎಷ್ಟು ಸರಿದಿದೆ ಎಂಬುದರಿಂದ ದಿಕ್ಕು. 5 ಮಿಲಿಮೀಟರ್ ಬಿಲ್ಲೆ ಒಂದು ಮೀಟರ್ ದೂರದಿಂದ 17 ಆರ್ಕ್ ನಿಮಿಷ (ಒಂದು ಡಿಗ್ರಿಗೆ 60 ಆರ್ಕ್ ನಿಮಿಷ) ಅಗಲ ಕಾಣುತ್ತದೆ. ಸಾವಿರಾರು ಬಿಲ್ಲೆಗಳ ನೆರಳನ್ನು ಒಟ್ಟಿಗೆ ಹೊಂದಿಸುವುದರಿಂದ ಉತ್ತರ 1ರಿಂದ 4 ಆರ್ಕ್ ನಿಮಿಷಕ್ಕೆ ಇಳಿಯುತ್ತದೆ. ಮರುಕ್ಷಣವೇ ಇಡೀ ಉಪಗ್ರಹ ಆ ದಿಕ್ಕಿಗೆ ಹೊರಳುತ್ತದೆ, ಹೆಚ್ಚೆಂದರೆ ಒಂದೆರಡು ನಿಮಿಷ. ಆಮೇಲೆ ಅದರ ಎಕ್ಸ್-ಕಿರಣ ದೂರದರ್ಶಕ ಸ್ಥಾನವನ್ನು ಕೆಲವೇ ಆರ್ಕ್ ಸೆಕೆಂಡಿಗೆ ತರುತ್ತದೆ.

ಪ್ರಶ್ನೆ: ಬರೀ ಎಣಿಸುವ, ದಿಕ್ಕೇ ತಿಳಿಯದ ಉಪಕರಣಗಳಿಂದ ಹಿಂದೆ ಸ್ಥಾನ ಕಂಡುಹಿಡಿಯುತ್ತಿದ್ದರಂತೆ. ಅದು ಹೇಗೆ ಸಾಧ್ಯ?
— ಸೋಮವಾರಪೇಟೆಯ ಓದುಗರು

ಉತ್ತರ: ಸಮಯದಿಂದ. ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಹಾರಿಸುವ ಕೋವಿಯ ಸದ್ದು ಒಂದು ಮನೆಗೆ ಮೊದಲು, ಒಂದು ಕಿಲೋಮೀಟರ್ ಆಚೆಯ ಮನೆಗೆ ಸುಮಾರು ಮೂರು ಸೆಕೆಂಡು ತಡವಾಗಿ ಕೇಳಿತೆನ್ನಿ. ಆಗ ಗುಂಡು ಹಾರಿದ್ದು ಮೊದಲ ಮನೆಯ ಕಡೆಯಿಂದ. ಇಬ್ಬರಿಗೂ ಒಟ್ಟಿಗೇ ಕೇಳಿದ್ದರೆ ಇಬ್ಬರಿಂದಲೂ ಸಮದೂರದಲ್ಲಿ ಎಲ್ಲೋ. ಉಪಗ್ರಹಗಳ ಲೆಕ್ಕವೂ ಇದೇ, ಸದ್ದಿನ ಬದಲು ಬೆಳಕು. ವಿಂಡ್ ನೌಕೆಯ ಮೇಲಿರುವ ಕೋನಸ್ ಉಪಕರಣ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ, ಅಂದರೆ ಬೆಳಕಿಗೆ 5 ಸೆಕೆಂಡು. ಭೂಮಿಯ ಹತ್ತಿರದ ಉಪಗ್ರಹಕ್ಕೂ ಅದಕ್ಕೂ ಸ್ಫೋಟ ತಲುಪಿದ ಸಮಯದ ವ್ಯತ್ಯಾಸ ಅಳೆದರೆ ಆಕಾಶದಲ್ಲಿ ಒಂದು ಬಳೆಯಾಕಾರದ ಪಟ್ಟಿ ಸಿಗುತ್ತದೆ. ಮೂರನೆಯದು ಸೇರಿದರೆ ಬಳೆಗಳು ಒಂದನ್ನೊಂದು ಕತ್ತರಿಸುವ ಜಾಗ. ಗಡಿಯಾರಗಳು ನಿಖರವಾಗಿರಬೇಕು, ಸ್ಫೋಟದ ಏರಿಳಿತ ಮೊನಚಾಗಿರಬೇಕು. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಸ್ಫೋಟಕ್ಕೆ ಬಳೆ ತೀರ ದಪ್ಪವಾಗುತ್ತದೆ.

1967ರ ಜುಲೈ 2ರಂದು ಮೊದಲ ಸ್ಫೋಟ ಸಿಕ್ಕಿದ್ದು ಪರಮಾಣು ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಿಗೆ. ಇಂಥವು ಭೂಮಿಯಿಂದಾಗಲಿ ಸೂರ್ಯನಿಂದಾಗಲಿ ಬಂದವಲ್ಲ ಎಂದು ತೀರ್ಮಾನಿಸಿ 1973ರಲ್ಲಿ ಪ್ರಕಟಿಸಿದ್ದೂ ಸಮಯದ ಇದೇ ಲೆಕ್ಕ ಹಿಡಿದು.

ಪ್ರಶ್ನೆ: ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಈ ಕೆಲಸದಲ್ಲಿ ಎಲ್ಲಿ ನಿಲ್ಲುತ್ತದೆ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಗೋಣಿಕೊಪ್ಪಲು

ಉತ್ತರ: ಒಳ್ಳೆಯ ಜಾಗದಲ್ಲೇ ನಿಲ್ಲುತ್ತದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ30 ಅದನ್ನು 650 ಕಿಲೋಮೀಟರ್ ಎತ್ತರಕ್ಕೆ ಒಯ್ದಿತು. ಕಕ್ಷೆ ಸಮಭಾಜಕಕ್ಕೆ ಬರೀ 6 ಡಿಗ್ರಿ ವಾಲಿದೆ. ಕೊಡಗಿನಿಂದ ನೋಡಿದರೆ ಅದು ಹಾಯುವುದು ಯಾವಾಗಲೂ ದಕ್ಷಿಣದ ಬಾನಿನಲ್ಲಿ. ಕಡಿಮೆ ವಾಲಿಸಿದ್ದು ಬೇಕೆಂದೇ: ಹೀಗಿದ್ದರೆ ಆ ದಕ್ಷಿಣ ಅಟ್ಲಾಂಟಿಕ್ ವಿಕಿರಣದ ಅಂಚನ್ನಷ್ಟೇ ಸವರಿಕೊಂಡು ಹೋಗುತ್ತದೆ, ಹಿನ್ನೆಲೆ ಎಣಿಕೆ ತಗ್ಗಿರುತ್ತದೆ.

ಅದರ ಸಿಝಡ್‌ಟಿಐ ಉಪಕರಣದಲ್ಲಿ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡಿನ 64 ಡಿಟೆಕ್ಟರ್ ತುಂಡುಗಳು, ತುಂಡಿಗೆ 256ರಂತೆ ಒಟ್ಟು 16,384 ಪಿಕ್ಸೆಲ್‌ಗಳು. ಎದುರಿನ ಸಣ್ಣ ಜಾಗವನ್ನು ನೋಡಲೆಂದೇ ಇದನ್ನು ಕಟ್ಟಿದ್ದು. ಆದರೆ 100 ಕಿಲೋ ಎಲೆಕ್ಟ್ರಾನ್‌ವೋಲ್ಟ್ ದಾಟಿದ ಕಿರಣಗಳಿಗೆ ಸುತ್ತಲಿನ ತಡೆಗೋಡೆಗಳು ಹೆಚ್ಚುಕಡಿಮೆ ಪಾರದರ್ಶಕ. ಹಾಗಾಗಿ ಬದಿಯಿಂದ ಬಂದ ಸ್ಫೋಟಗಳೂ ಅದಕ್ಕೆ ಸಿಗುತ್ತವೆ. 2022ರ ಹೊತ್ತಿಗೆ 500 ದಾಟಿತ್ತು.

ಅದರ ವೈಶಿಷ್ಟ್ಯ ಧ್ರುವೀಕರಣದ, ಅಂದರೆ ಕಿರಣಗಳ ಕಂಪನ ಎಷ್ಟರಮಟ್ಟಿಗೆ ಒಂದೇ ದಿಕ್ಕಿನಲ್ಲಿದೆ ಎಂಬುದರ ಅಳತೆ. ಫೋಟಾನು ಒಂದು ಪಿಕ್ಸೆಲ್‌ನಲ್ಲಿ ಚದುರಿ ಪಕ್ಕದ ಪಿಕ್ಸೆಲ್‌ನಲ್ಲಿ ನಿಂತರೆ ಎರಡೂ ಒಂದೇ ಕ್ಷಣದಲ್ಲಿ ಎಣಿಕೆ ಕೊಡುತ್ತವೆ. ಧ್ರುವೀಕರಣಗೊಂಡ ಕಿರಣಗಳು ತಮ್ಮ ವಿದ್ಯುತ್ ಕ್ಷೇತ್ರಕ್ಕೆ ಲಂಬವಾದ ದಿಕ್ಕಿಗೇ ಹೆಚ್ಚು ಚದುರುವುದರಿಂದ, ಯಾವ ಪಕ್ಕಕ್ಕೆ ಎಷ್ಟು ಜೋಡಿ ಎಂದು ಎಣಿಸಿದರೆ ಸ್ಫೋಟದ ಧಾರೆಯ ಕಾಂತಕ್ಷೇತ್ರದ ಬಗ್ಗೆ ಸುಳಿವು ಸಿಗುತ್ತದೆ. ಇಲ್ಲಿ ಕಾಡುವುದು ಕಾಸ್ಮಿಕ್ ಕಣಗಳು. ಒಂದು ಕಣ ಉಪಗ್ರಹಕ್ಕೆ ಬಡಿದರೆ ಮೈಕ್ರೋಸೆಕೆಂಡುಗಳಲ್ಲಿ ಹತ್ತಾರು ಪಿಕ್ಸೆಲ್‌ಗಳು ಗೊಂಚಲಾಗಿ ಎಣಿಸಿ ಸುಳ್ಳು ಜೋಡಿ ಹುಟ್ಟಿಸುತ್ತವೆ. ದತ್ತಾಂಶ ಶುದ್ಧಿಯ ಮೊದಲ ಕೆಲಸಗಳಲ್ಲಿ ಒಂದು ಈ ಗೊಂಚಲುಗಳನ್ನು ಕಿತ್ತು ಹಾಕುವುದು.

ಕೊರತೆ ಎಂದರೆ ವೇಗ. ಆಸ್ಟ್ರೋಸ್ಯಾಟ್ ಕ್ಷಣಾರ್ಧದಲ್ಲಿ ಕೂಗಿ ಹೇಳುವ ಉಪಗ್ರಹವಲ್ಲ. ದತ್ತಾಂಶ ಬೆಂಗಳೂರು ಬಳಿಯ ಬ್ಯಾಲಾಳಿಗೆ ಇಳಿದ ಮೇಲೆ ಅದರಲ್ಲಿ ಹುಡುಕಬೇಕು. ಆದರೂ ತಡವಾದ ಉತ್ತರಕ್ಕೂ ಬೆಲೆ ಇದೆ. 2017ರ ಜನವರಿ 4ರಂದು ಗುರುತ್ವದ ಅಲೆಯೊಂದು ದಾಖಲಾದಾಗ, ಅದರ ಜಾಗದಲ್ಲೇ ಮಂಕಾಗುತ್ತಿದ್ದ ಒಂದು ಬೆಳಕು ಕಂಡು ಎರಡಕ್ಕೂ ನಂಟಿರಬಹುದೇ ಎಂಬ ಪ್ರಶ್ನೆ ಎದ್ದಿತು. ಮರುದಿನ ಬೇರೆಯೇ ಒಂದು ಗಾಮಾ ಸ್ಫೋಟ ನಡೆದಿತ್ತು, ಆ ಬೆಳಕು ಅದರದು, ಅಲೆಗೂ ಅದಕ್ಕೂ ಸಂಬಂಧವಿಲ್ಲ ಎಂದು ತೋರಿಸುವುದರಲ್ಲಿ ಸಿಝಡ್‌ಟಿಐ ದತ್ತಾಂಶದ ಪಾಲು ದೊಡ್ಡದು.

ಪ್ರಶ್ನೆ: ನನ್ನ ಬಳಿ 8 ಇಂಚಿನ ದೂರದರ್ಶಕ, ಮೋಟಾರು ಇರುವ ಇಕ್ವಟೋರಿಯಲ್ ಮೌಂಟ್, ತಂಪು ಮಾಡಬಲ್ಲ ಸಿಮಾಸ್ ಕ್ಯಾಮೆರಾ ಇವೆ. ತೋಟದಿಂದ ಸ್ಫೋಟವೊಂದರ ಉಳಿಬೆಳಕನ್ನು ಹಿಡಿಯಬಹುದೇ?
— ಕಾಫಿ ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ಹಿಡಿಯಬಹುದು. ಆದರೆ ವರ್ಷಕ್ಕೆ ಒಂದೆರಡು ಅವಕಾಶ ಒದಗಿದರೆ ಅದೇ ಹೆಚ್ಚು ಎಂದುಕೊಂಡು ಹೊರಡಿ.

ಮೊದಲು ಎಚ್ಚರಿಕೆ ನಿಮ್ಮ ಮೊಬೈಲಿಗೆ ಬರಬೇಕು. ಸ್ಫೋಟಗಳ ಸೂಚನೆ ಹಂಚುವ ನಾಸಾದ ಜಿಸಿಎನ್ ಜಾಲದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿ. ಎಲ್ಲವನ್ನೂ ಕೇಳಬೇಡಿ. ಫರ್ಮಿ ವರ್ಷಕ್ಕೆ 200ಕ್ಕೂ ಹೆಚ್ಚು ಸ್ಫೋಟ ಕಳಿಸುತ್ತದೆ, ಆದರೆ ಅದರ ಹಲವು ಡಿಗ್ರಿಯ ಅನಿಶ್ಚಿತತೆ ನಿಮ್ಮ ಅರ್ಧ ಡಿಗ್ರಿಯ ಚೌಕಟ್ಟಿಗೆ ಹಿಡಿಸದು. ಸ್ವಿಫ್ಟ್‌ನ ಎಕ್ಸ್-ಕಿರಣ ಸ್ಥಾನದ ಸೂಚನೆಗಳನ್ನು, ಜೊತೆಗೆ 2024ರಲ್ಲಿ ಹಾರಿದ ಐನ್‌ಸ್ಟೈನ್ ಪ್ರೋಬ್ ಮತ್ತು ಸ್ವೋಮ್‌ನ ಸೂಚನೆಗಳನ್ನು ಆರಿಸಿಕೊಳ್ಳಿ.

ಸೂಚನೆ ಬಂದ ತಕ್ಷಣ ನಾಲ್ಕು ಅಂಕಿ ನೋಡಿ: ಸಮಯ, ಆರ್‌ಎ, ಡೆಕ್ಲಿನೇಷನ್, ತಪ್ಪಿನ ವೃತ್ತದ ಅಳತೆ. ಸಮಯ ವಿಶ್ವಕಾಲದಲ್ಲಿ ಇರುವುದರಿಂದ ಅದಕ್ಕೆ ಐದೂವರೆ ಗಂಟೆ ಸೇರಿಸಿ. ಡೆಕ್ಲಿನೇಷನ್ ದಕ್ಷಿಣ 47ರಿಂದ ಉತ್ತರ 72 ಡಿಗ್ರಿಯೊಳಗೆ ಇದ್ದರೆ ಮಾತ್ರ ಕೊಡಗಿನ ಬಾನಿನಲ್ಲಿ ಅದು 30 ಡಿಗ್ರಿಗಿಂತ ಮೇಲೇರುತ್ತದೆ. ಅದಕ್ಕೂ ಕೆಳಗೆ ನಿಮ್ಮ ಸಿಲ್ವರ್ ಓಕ್ ಸಾಲೇ ಅಡ್ಡ. ನಕ್ಷತ್ರಕಾಲ ಲೆಕ್ಕ ಹಾಕುವಾಗ ಒಂದು ತಪ್ಪು ಸಾಮಾನ್ಯ: ಭಾರತೀಯ ಕಾಲಮಾನವನ್ನೇ ಸ್ಥಳೀಯ ಕಾಲ ಎಂದುಕೊಳ್ಳುವುದು. ಕೊಡಗಿನ ಸ್ಥಳೀಯ ಕಾಲ ಅದಕ್ಕಿಂತ 27 ನಿಮಿಷ ಹಿಂದೆ.

ಉಳಿಬೆಳಕು ಸುಮಾರಾಗಿ ಸಮಯಕ್ಕೆ ವಿಲೋಮವಾಗಿ ಇಳಿಯುತ್ತದೆ. ಹತ್ತನೇ ನಿಮಿಷದಲ್ಲಿ ಕಾಂತಿಮಾನ 16 ಇದ್ದದ್ದು ನೂರನೇ ನಿಮಿಷಕ್ಕೆ 18.5. ಕತ್ತಲೆ ಬಾನಿನಲ್ಲಿ, 60 ಸೆಕೆಂಡಿನ ಇಪ್ಪತ್ತು ಮೂವತ್ತು ಚಿತ್ರಗಳನ್ನು ಪೇರಿಸಿದರೆ ನಿಮ್ಮ ಉಪಕರಣದ ಮಿತಿ ಸುಮಾರು 18. ಆದ್ದರಿಂದ ಮೊದಲ ಗಂಟೆಯೇ ನಿಮ್ಮದು. ಸ್ಫೋಟ ಹಗಲಲ್ಲಿ ನಡೆದು ನೀವು ರಾತ್ರಿ ನೋಡುವುದಾದರೆ ಬಹುಪಾಲು ವ್ಯರ್ಥ. 2008ರ ಮಾರ್ಚ್ 19ರ ಸ್ಫೋಟದ ಬೆಳಕು 750 ಕೋಟಿ ವರ್ಷ ಹಿಂದೆ ಹೊರಟದ್ದಾದರೂ ಅರ್ಧ ನಿಮಿಷದಷ್ಟು ಹೊತ್ತು ಬರಿಗಣ್ಣಿಗೆ ಕಾಣುವಷ್ಟು ಹೊಳೆಯಿತು. ಆಗ ನಮ್ಮಲ್ಲಿ ಬೆಳಗ್ಗೆ 11 ಗಂಟೆ 42 ನಿಮಿಷ.

ನೀಲಿ ಫಿಲ್ಟರ್ ಬೇಡ. ಧೂಳು ನೀಲಿಯನ್ನೇ ಮೊದಲು ನುಂಗುತ್ತದೆ; ಬಹಳ ದೂರದ ಸ್ಫೋಟವಾದರೆ ದಾರಿಯ ಹೈಡ್ರೋಜನ್ ಮೋಡಗಳು ನೀಲಿಯನ್ನು ಪೂರ್ತಿ ಅಳಿಸಿರುತ್ತವೆ. ಕೆಂಪು ಫಿಲ್ಟರ್, ಇಲ್ಲವೇ ಫಿಲ್ಟರ್ ಇಲ್ಲದೆ. ಪ್ರತಿ ಚಿತ್ರವನ್ನೂ ಬೇರೆಯಾಗಿಯೇ ಉಳಿಸಿ, ಪೇರಿಸುವುದು ಆಮೇಲೆ. ಇಳಿತದ ವೇಗ ತಿಳಿಯುವುದು ಬಿಡಿ ಚಿತ್ರಗಳಿಂದ. ಅದೇ ಉಷ್ಣತೆಯಲ್ಲಿ ಡಾರ್ಕ್ (ಮುಚ್ಚಳ ಹಾಕಿ ತೆಗೆದ ಚಿತ್ರ), ಅದೇ ಫೋಕಸ್‌ನಲ್ಲಿ ಫ್ಲಾಟ್ (ಸಮವಾಗಿ ಬೆಳಗಿದ ಮೇಲ್ಮೈಯ ಚಿತ್ರ) ತೆಗೆಯಿರಿ. ಕಂಪ್ಯೂಟರಿನ ಗಡಿಯಾರವನ್ನು ಇಂಟರ್ನೆಟ್ ಕಾಲಕ್ಕೆ ಹೊಂದಿಸಿ. ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ರಿಸೀವರ್. ಸಮಯ ತಪ್ಪಿದ ಅಳತೆ ಯಾರಿಗೂ ಬೇಡ.

ಚಿತ್ರದಲ್ಲಿ ಹೊಸ ಚುಕ್ಕೆ ಕಂಡರೆ ಹಿಗ್ಗುವ ಮೊದಲು ಪ್ಯಾನ್‌ಸ್ಟಾರ್ಸ್ ಆಕಾಶ ಸಮೀಕ್ಷೆಯ ಚಿತ್ರದೊಂದಿಗೆ ಹೋಲಿಸಿ, ಆ ಜಾಗದಲ್ಲಿ ಕ್ಷುದ್ರಗ್ರಹ ಇರಲಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಅರ್ಧ ಗಂಟೆಯಲ್ಲಿ ಮಂಕಾಗಿರಬೇಕು, ಜಾಗ ಬದಲಿಸಿರಬಾರದು. ಏನೂ ಕಾಣದಿದ್ದರೆ ‘ಇಷ್ಟು ಹೊತ್ತಿಗೆ ಇಷ್ಟು ಕಾಂತಿಮಾನಕ್ಕಿಂತ ಮಂಕು’ ಎಂಬುದೂ ಅಳತೆಯೇ, ಅದನ್ನು ಎಸೆಯಬೇಡಿ.

ಇನ್ನು ನಮ್ಮ ಜಿಲ್ಲೆಯದೇ ತೊಂದರೆಗಳು. ಸಿಮೆಂಟಿನ ಕಣ ಬಯಲಾಗಿದೆ ಎಂದು ಟ್ರೈಪಾಡ್ ಅಲ್ಲೇ ಇಡಬೇಡಿ. ಹಗಲು ಕುಡಿದ ಬಿಸಿಲನ್ನು ಅದು ಬಹಳ ಹೊತ್ತು ಉಸಿರುತ್ತಿರುತ್ತದೆ, ನಕ್ಷತ್ರಗಳು ಕದಡುತ್ತವೆ. ಕಣದ ಅಂಚಿನ ಹುಲ್ಲು ನೆಲ ಮೇಲು. ಡಿಸೆಂಬರ್, ಜನವರಿಯಲ್ಲಿ ಬಾನು ತಿಳಿಯಾಗಿರುತ್ತದೆ, ಆದರೆ ತಗ್ಗಿನ ತೋಟಗಳಲ್ಲಿ ರಾತ್ರಿ ಮಂಜು ಏಳುತ್ತದೆ. ಗಾಜಿನ ಸುತ್ತ ಡ್ಯೂ ಹೀಟರ್ ಪಟ್ಟಿ ಸುತ್ತಿ ಮೊದಲಿನಿಂದಲೇ ಹಚ್ಚಿಡಿ, ಇಬ್ಬನಿ ಕೂತ ಮೇಲೆ ಹಚ್ಚಿದರೆ ಅಮೂಲ್ಯವಾದ ಅರ್ಧ ಗಂಟೆ ಹೋಯಿತು. ಹೂಮಳೆ ಶುರುವಾದ ಮೇಲೆ ಅವಕಾಶ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರದರ್ಶಕವನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ, ಜೆಲ್ ಬಣ್ಣ ಬದಲಾದಾಗ ಹುರಿದು ಮತ್ತೆ ಹಾಕಿ. ಗಾಜಿಗೆ ಬೂಷ್ಟು ಹಿಡಿದರೆ ಲೇಪನವನ್ನೇ ತಿನ್ನುತ್ತದೆ. ಆನೆ ಓಡಾಡುವ ತೋಟವಾದರೆ ಮನೆಯಂಗಳ ಬಿಟ್ಟು ಹೋಗಬೇಡಿ, ಯಾವ ಸ್ಫೋಟವೂ ಅಷ್ಟು ಮುಖ್ಯವಲ್ಲ.

ಪ್ರಶ್ನೆ: ದೂರದರ್ಶಕ ಇಲ್ಲ, ಲ್ಯಾಪ್‌ಟಾಪ್ ಇದೆ. ಪ್ರಾಜೆಕ್ಟ್ ಮಾಡಬಹುದೇ?
— ಬಿ.ಎಸ್ಸಿ. ವಿದ್ಯಾರ್ಥಿ, ಕುಶಾಲನಗರ

ಉತ್ತರ: ಧಾರಾಳವಾಗಿ. ಫರ್ಮಿಯ ದತ್ತಾಂಶ ಪೂರ್ತಿ ಸಾರ್ವಜನಿಕ. ಸ್ಫೋಟದ ಹೆಸರು ಓದುವುದನ್ನು ಮೊದಲು ಕಲಿಯಿರಿ: ಬಿಎನ್221009553 ಎಂದರೆ 2022ರ ಅಕ್ಟೋಬರ್ 9, ಕೊನೆಯ 553 ಎಂದರೆ ಆ ದಿನದ ಸಾವಿರ ಪಾಲಿನಲ್ಲಿ 553 ಕಳೆದಿತ್ತು. 0.553ನ್ನು 24ರಿಂದ ಗುಣಿಸಿದರೆ 13.27 ಗಂಟೆ ವಿಶ್ವಕಾಲ. ಐದೂವರೆ ಸೇರಿಸಿದರೆ ನಮ್ಮ ಸಂಜೆ 6.46ರ ಆಸುಪಾಸು.

ಆದರೆ ಆ ಸ್ಫೋಟದಿಂದಲೇ ಪ್ರಾಜೆಕ್ಟ್ ಶುರು ಮಾಡಬೇಡಿ, ಅದರಲ್ಲಿ ಡಿಟೆಕ್ಟರ್ ಉಕ್ಕಿ ಹರಿದಿದೆ. ಪಟ್ಟಿಯಲ್ಲಿ 10ರಿಂದ 50 ಸೆಕೆಂಡು ಇದ್ದ, ಮಧ್ಯಮ ತೀವ್ರತೆಯ ಒಂದನ್ನು ಆರಿಸಿ. ಟಿಟಿಇ ಎನ್ನುವ ಕಡತಗಳಲ್ಲಿ ಪ್ರತಿ ಎಣಿಕೆಯೂ 2 ಮೈಕ್ರೋಸೆಕೆಂಡಿನ ನಿಖರತೆಯಲ್ಲಿ, 128 ಶಕ್ತಿ ಚಾನೆಲ್‌ಗಳಲ್ಲಿ ಇರುತ್ತದೆ. ಹನ್ನೆರಡೂ ಡಿಟೆಕ್ಟರ್ ಕೂಡಿಸಬೇಡಿ. ಸ್ಫೋಟದ ಕಡೆಗೆ ಮುಖ ಮಾಡಿದ ಎರಡು ಮೂರು ಸಾಕು, ಉಳಿದವು ಹಿನ್ನೆಲೆಯನ್ನಷ್ಟೇ ಹೆಚ್ಚಿಸುತ್ತವೆ. 50ರಿಂದ 300 ಕಿಲೋ ಎಲೆಕ್ಟ್ರಾನ್‌ವೋಲ್ಟ್ ನಡುವಿನ ಎಣಿಕೆಗಳನ್ನು ಅರ್ಧ ಸೆಕೆಂಡಿನ ತುಣುಕಾಗಿ ಜೋಡಿಸಿ. ಸ್ಫೋಟಕ್ಕೆ ಮೊದಲಿನ ಮತ್ತು ನಂತರದ ಭಾಗಗಳಿಗೆ ಎರಡನೇ ಘಾತದ ವಕ್ರರೇಖೆ ಹೊಂದಿಸಿ ಹಿನ್ನೆಲೆ ಕಳೆಯಿರಿ. ಸರಳರೇಖೆ ಸಾಲದು, ಉಪಗ್ರಹ ಸುತ್ತುತ್ತಿರುವುದರಿಂದ ಹಿನ್ನೆಲೆ ಬಾಗುತ್ತದೆ. ಉಳಿದ ಎಣಿಕೆಯನ್ನು ಕೂಡುತ್ತ ಹೋಗಿ, ಒಟ್ಟಿನ ಶೇ. 5ರಿಂದ ಶೇ. 95 ತಲುಪಲು ಹಿಡಿದ ಸಮಯವೇ ಸ್ಫೋಟದ ಅವಧಿ. 2 ಸೆಕೆಂಡಿಗಿಂತ ಕಡಿಮೆ ಇದ್ದರೆ ಹ್ರಸ್ವ, ಹೆಚ್ಚಿದ್ದರೆ ದೀರ್ಘ ಎನ್ನುವುದು ವಾಡಿಕೆ.

ನಿಮ್ಮ ಉತ್ತರ ಪ್ರಕಟಿತ ಉತ್ತರಕ್ಕೆ ಹೊಂದದಿದ್ದರೆ ಹಿನ್ನೆಲೆಯ ಭಾಗಗಳನ್ನು ಮತ್ತೆ ನೋಡಿ. ಮುಖ್ಯ ಹೊಡೆತಕ್ಕೆ ಮೊದಲು ಬರುವ ಸಣ್ಣ ಮಿಡಿತವನ್ನು ಹಿನ್ನೆಲೆ ಎಂದು ಸೇರಿಸಿಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ಎರಡು ಸೆಕೆಂಡಿನ ಗೆರೆಯನ್ನೂ ಪೂರ್ತಿ ನಂಬಬೇಡಿ: 2021ರ ಡಿಸೆಂಬರ್ 11ರ ಸ್ಫೋಟ ದೀರ್ಘವಾಗಿದ್ದರೂ ನ್ಯೂಟ್ರಾನ್ ನಕ್ಷತ್ರ ವಿಲೀನದಲ್ಲಿ ಕಾಣಬೇಕಾದ ಕೆಂಪು ಬೆಳಕನ್ನು ತೋರಿಸಿತು.

ಪ್ರಶ್ನೆ: ‘ಇಂದು ರಾತ್ರಿ 12.30ರಿಂದ 3.30ರವರೆಗೆ ಅಂತರಿಕ್ಷದಿಂದ ಕಿರಣಗಳು ಬರುತ್ತವೆ, ಮೊಬೈಲ್ ಆರಿಸಿ ದೂರ ಇಡಿ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ನಿಜವೇ?
— ಗೃಹಿಣಿ, ವಿರಾಜಪೇಟೆ

ಉತ್ತರ: ಸುಳ್ಳು. ಗಾಮಾ ಕಿರಣ ಬೆಳಕಿನ ವೇಗದಲ್ಲೇ ಬರುವುದರಿಂದ ಅದಕ್ಕಿಂತ ಮೊದಲು ಬಂದು ‘ಇಂದು ರಾತ್ರಿ’ ಎಂದು ತಿಳಿಸಬಲ್ಲ ಸುದ್ದಿಯೇ ಇಲ್ಲ. ಬಂದರೂ ಗಾಳಿ ತಡೆಯುತ್ತದೆ ಎಂಬುದಕ್ಕೆ ಮೇಲಿನ ಕಕ್ಕಬ್ಬೆಯವರ ಪ್ರಶ್ನೆಯ ಉತ್ತರ ನೋಡಿ. ಮೊಬೈಲಿಗೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ದೊಡ್ಡ ಸ್ಫೋಟ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರವಾದ ಅಯಾನುಮಂಡಲವನ್ನು ಕದಡಿ ರೇಡಿಯೊ ಅಲೆಗಳಲ್ಲಿ ಗುರುತು ಬಿಡುತ್ತದಂತೆ. ಮನೆಯಲ್ಲೇ ಅದನ್ನು ದಾಖಲಿಸಬಹುದೇ?
— ರೇಡಿಯೊ ಹವ್ಯಾಸಿ, ಸಿದ್ದಾಪುರ

ಉತ್ತರ: ಉಪಕರಣ ಕಟ್ಟಬಹುದು, ಖರ್ಚೂ ಕಡಿಮೆ. ಗಾಮಾ ಸ್ಫೋಟ ಸಿಗುವುದು ಅಪರೂಪ, ಆದರೆ ಸೌರಜ್ವಾಲೆಗಳು ಸಿಗುತ್ತಲೇ ಇರುತ್ತವೆ. ಎರಡರ ತತ್ವ ಒಂದೇ.

ತಮಿಳುನಾಡಿನ ತಿರುನಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿ ನೌಕಾಪಡೆಯ ಪ್ರಸಾರ ಕೇಂದ್ರವಿದೆ, ಆವರ್ತನ 18.2 ಕಿಲೋಹರ್ಟ್ಸ್. ಕೊಡಗಿನಿಂದ ಸುಮಾರು 500 ಕಿಲೋಮೀಟರ್. ಅದರ ಅಲೆ ಅಯಾನುಮಂಡಲದ ತಳಪದರಕ್ಕೆ ಬಡಿದು ನಿಮ್ಮನ್ನು ತಲುಪುತ್ತದೆ. ಆ ಪದರಕ್ಕೆ ಎಕ್ಸ್-ಕಿರಣ ಅಥವಾ ಗಾಮಾ ಕಿರಣ ಬಿದ್ದರೆ ಅಲೆಯ ಬಲ ಥಟ್ಟನೆ ಏರುತ್ತದೆ ಅಥವಾ ಇಳಿಯುತ್ತದೆ.

ಮರದ ಪಟ್ಟಿಯಲ್ಲಿ ಒಂದು ಮೀಟರ್ ಚೌಕದ ಚೌಕಟ್ಟು ಮಾಡಿ, ಇನ್ಸುಲೇಷನ್ ಇರುವ ತಾಮ್ರದ ತಂತಿಯನ್ನು 40 ಸುತ್ತು ಸುತ್ತಿ; 160 ಮೀಟರ್ ಬೇಕು. ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಿ, ಅದರ ಅಂಚು ಕೇಂದ್ರದ ಕಡೆ, ಅಂದರೆ ದಕ್ಷಿಣದಿಂದ ಸುಮಾರು 26 ಡಿಗ್ರಿ ಪೂರ್ವಕ್ಕೆ ಇರಲಿ. ಅಗಲವಾದ ಮುಖವನ್ನು ಆ ಕಡೆ ತಿರುಗಿಸಿದರೆ ಏನೂ ಕೇಳದು. ತುದಿಗಳನ್ನು ಶೀಲ್ಡ್ ಇರುವ ಕೇಬಲ್‌ನಿಂದ ಸಣ್ಣ ಪ್ರೀಆಂಪ್ ಮೂಲಕ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಕೊಡಿ. ಸ್ಯಾಂಪ್ಲಿಂಗ್ 48 ಕಿಲೋಹರ್ಟ್ಸ್ ಇಡಿ, 36.4ಕ್ಕಿಂತ ಕಡಿಮೆಯಾದರೆ ಈ ಆವರ್ತನವೇ ಸಿಗುವುದಿಲ್ಲ. ಸ್ಪೆಕ್ಟ್ರಮ್ ತಂತ್ರಾಂಶದಲ್ಲಿ 18.2ರ ಗೆರೆಯ ಎತ್ತರವನ್ನು 5 ಸೆಕೆಂಡಿಗೊಮ್ಮೆ ಬರೆಸಿ.

ಸಿದ್ದಾಪುರದಲ್ಲಿ ನಿಮ್ಮ ದೊಡ್ಡ ಶತ್ರು ಆನೆಗಾಗಿ ಹಾಕಿದ ಸೋಲಾರ್ ಬೇಲಿ. ಅದರ ಎನರ್ಜೈಸರ್ ಸುಮಾರು ಸೆಕೆಂಡಿಗೊಮ್ಮೆ ಹೊಡೆಯುವ ಮಿಡಿತ ಇಡೀ ದಾಖಲೆಯಲ್ಲಿ ಗರಗಸದ ಹಲ್ಲಿನಂತೆ ಕೂರುತ್ತದೆ. ಚೌಕಟ್ಟನ್ನು ಬೇಲಿಯಿಂದಲೂ ಇನ್ವರ್ಟರಿನಿಂದಲೂ ಆದಷ್ಟು ದೂರ ಒಯ್ಯಿರಿ. ಉಳಿದದ್ದನ್ನು 5 ಸೆಕೆಂಡಿನ ಸರಾಸರಿಯ ಬದಲು ಮಧ್ಯಾಂಕ ತೆಗೆದು ಇಳಿಸಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಗದ್ದಲ ಎಲ್ಲವನ್ನೂ ಮುಳುಗಿಸುತ್ತದೆ. ಗುಡುಗು ಕೇಳಿದ ಕೂಡಲೇ ಕೇಬಲ್ ಕಿತ್ತು ಮನೆಯ ಹೊರಗೆ ಇಡಿ. ಗೆರೆ ಒಮ್ಮೆಲೇ ಪೂರ್ತಿ ನೆಲ ಕಚ್ಚಿದರೆ ಅದು ಸ್ಫೋಟವಲ್ಲ, ಪ್ರಸಾರ ನಿಂತಿದೆ.

2022ರ ಸ್ಫೋಟದ ಗುರುತನ್ನು ಇಂಥ ರೇಡಿಯೊ ದಾಖಲೆಗಳಲ್ಲಿ ಕಂಡವರಿದ್ದಾರೆ. ಆದರೆ ಕೊಡಗಿನಲ್ಲಿ ಆಗ ಸೂರ್ಯಾಸ್ತ ಕಳೆದು ಅರ್ಧ ಗಂಟೆ. ದಿನವೂ ಅದೇ ಹೊತ್ತಿಗೆ ತಳಪದರ ಕರಗಿ ಅಲೆಯ ಬಲ ತಾನಾಗಿಯೇ ಏರಿಳಿಯುತ್ತದೆ. ಅಂಥ ಹೊತ್ತಿನಲ್ಲಿ ಏನಾದರೂ ಬಂದರೆ ಒಂದು ದಿನದ ಗೆರೆಯಿಂದ ಏನೂ ಹೇಳಲಾಗದು. ಹಿಂದಿನ ಐದಾರು ಸಂಜೆಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟು, ಅವುಗಳ ಸರಾಸರಿಯಿಂದ ಆ ದಿನದ್ದನ್ನು ಕಳೆದು ನೋಡಿ. ಅದಕ್ಕಾಗಿ ಏನೂ ಆಗದ ದಿನಗಳ ಕಡತಗಳನ್ನೂ ದಿನಾಂಕ ಹಾಕಿ ಉಳಿಸಿಕೊಳ್ಳಿ.